ಮುಗಿಲೊಳಗಿನ ಧನ–ಋಣ

ಹದಿನೆಂಟನೆಯ ಶತಮಾನದಲ್ಲಿ ಯುರೋಪಿನ ಊರೂರುಗಳಲ್ಲಿ ಗುಡುಗಿನ ಸದ್ದು ಕೇಳಿದೊಡನೆ ಚರ್ಚಿನ ಗಂಟೆ ಬಾರಿಸುವ ಪದ್ಧತಿಯಿತ್ತು. ಗಂಟೆಯ ನಾದಕ್ಕೆ ಸಿಡಿಲು ಚದುರಿಹೋಗುತ್ತದೆಂದು ಜನ ನಂಬಿದ್ದರು. ಆ ನಂಬಿಕೆಯನ್ನೇ ಲ್ಯಾಟಿನ್ ಅಕ್ಷರಗಳಲ್ಲಿ ಗಂಟೆಯ ಮೈಮೇಲೆ ಎರಕ ಹೊಯ್ಯಿಸುತ್ತಿದ್ದರು. ನಮ್ಮ ಹಿರಿಯರೂ ಸಿಡಿಲಿನ ಹೊತ್ತಿಗೆ ಅರ್ಜುನನ ಹತ್ತು ಹೆಸರು ಹೇಳುತ್ತಿದ್ದರು; ಆದರೆ ಮನೆಯೊಳಗೆ ಕೂತು ಹೇಳುತ್ತಿದ್ದರು, ಅದರಿಂದ ಯಾರಿಗೂ ಕೇಡಿರಲಿಲ್ಲ. ಅಲ್ಲಿಯ ಗಂಟೆಗಾರನ ಪಾಡು ಬೇರೆ. ಊರಿಗೆಲ್ಲ ಎತ್ತರವಾದ ಗೋಪುರದಡಿಯಲ್ಲಿ ಹಗ್ಗ ಹಿಡಿದು ನಿಲ್ಲುವುದು ಅವನ ಕರ್ತವ್ಯ. 1784ರಲ್ಲಿ ಮ್ಯೂನಿಕ್ ನಗರದಲ್ಲಿ ಅಚ್ಚಾದ ಪುಸ್ತಕವೊಂದರ ಲೆಕ್ಕದಂತೆ, 33 ವರ್ಷಗಳಲ್ಲಿ 386 ಗೋಪುರಗಳಿಗೆ ಸಿಡಿಲು ಬಡಿದು 103 ಗಂಟೆಗಾರರು ಪ್ರಾಣ ಬಿಟ್ಟಿದ್ದರು.

ಆ ಕಾಲದ ವಿದ್ವಾಂಸರ ಮನೆಗಳಲ್ಲಿ ಮಾತ್ರ ಬೇರೊಂದು ಕಿಡಿ ಹಾರಾಡುತ್ತಿತ್ತು. ಗಾಜಿನ ಗೋಲವನ್ನು ತಿರುಗಿಸಿ ಉಜ್ಜಿ ವಿದ್ಯುತ್ತು ಹುಟ್ಟಿಸುವ ಯಂತ್ರ ಬಂದಿತ್ತು. 1746ರ ಹೊತ್ತಿಗೆ ಅದನ್ನು ಕೂಡಿಡಬಲ್ಲ ಲೈಡನ್ ಜಾಡಿಯೂ ಬಂತು. ಪ್ಯಾರಿಸಿನ ನೊಲೆ ಎಂಬ ಪಂಡಿತ ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿಯ ಎದುರಿಗೆ 180 ಮಂದಿ ಕಾವಲುಭಟರನ್ನು ಕೈಕೈ ಹಿಡಿಸಿ ನಿಲ್ಲಿಸಿ, ಜಾಡಿಯ ಏಟನ್ನು ಅವರ ಮೂಲಕ ಹರಿಸಿದಾಗ ಇಡೀ ಸಾಲು ಒಮ್ಮೆಗೇ ನೆಗೆಯಿತು. ಆಸ್ಥಾನಕ್ಕೆ ಅದು ಒಳ್ಳೆಯ ವಿನೋದ. ಆದರೆ ಆ ಕಿಡಿಯ ಬಣ್ಣ, ಅದರ ಚಟಚಟ ಸದ್ದು, ಅಂಕುಡೊಂಕಾದ ಹಾದಿ, ಗಂಧಕದಂಥ ವಾಸನೆ ಇವನ್ನೆಲ್ಲ ಕಂಡವರಿಗೆ ಆಕಾಶದ ಮಿಂಚು ನೆನಪಾಗದೆ ಇರಲಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮುದ್ರಣಾಲಯ ನಡೆಸಿದ್ದ ಬೆಂಜಮಿನ್ ಫ್ರಾಂಕ್ಲಿನ್ 1749ರ ನವೆಂಬರಿನಲ್ಲಿ ಈ ಹೋಲಿಕೆಗಳನ್ನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಸಾಲಾಗಿ ಬರೆದಿಟ್ಟ. ಮರುವರ್ಷ ಪರೀಕ್ಷೆಯ ದಾರಿಯನ್ನೂ ಸೂಚಿಸಿದ: ಎತ್ತರದ ಜಾಗದಲ್ಲಿ ಚೂಪಾದ ಕಬ್ಬಿಣದ ಸರಳನ್ನು ನೆಲಕ್ಕೆ ತಾಗದಂತೆ ನಿಲ್ಲಿಸಿರಿ, ಮುಗಿಲು ಮೇಲೆ ಹಾದುಹೋಗುವಾಗ ಸರಳಿನಿಂದ ಕಿಡಿ ಬರುತ್ತದೆಯೋ ನೋಡಿರಿ.

ಆ ಕೆಲಸವನ್ನು ಮೊದಲು ಮಾಡಿದವನು ವಿದ್ವಾಂಸನಲ್ಲ. ಪ್ಯಾರಿಸಿನ ಉತ್ತರಕ್ಕಿರುವ ಮಾರ್ಲಿ ಎಂಬ ಹಳ್ಳಿಯಲ್ಲಿ ದಾಲಿಬಾರ್ ಎಂಬಾತ 40 ಅಡಿಯ ಸರಳನ್ನು ನಿಲ್ಲಿಸಿ, ಅದರ ಬುಡದ ಮಣೆಗೆ ದ್ರಾಕ್ಷಾರಸದ ಗಾಜಿನ ಸೀಸೆಗಳನ್ನೇ ಕಾಲುಗಳಾಗಿ ಕೊಟ್ಟಿದ್ದ. 1752ರ ಮೇ 10ರ ಮಧ್ಯಾಹ್ನ ಗುಡುಗು ಕೇಳಿದಾಗ ಅವನು ಊರಿನಲ್ಲಿರಲಿಲ್ಲ. ಕಾವಲಿಗಿದ್ದವನು ಕೊಯಿಫಿಯೆ, ಸೈನ್ಯದಿಂದ ನಿವೃತ್ತನಾದ ಹಳೆಯ ಕುದುರೆ ಸವಾರ, ಈಗ ಬಡಗಿ. ಗಾಜಿನ ಹಿಡಿ ಹಾಕಿದ ಹಿತ್ತಾಳೆ ತಂತಿಯನ್ನು ಸರಳಿನ ಹತ್ತಿರ ತಂದಾಗ ಕಿಡಿ ಚಿಮ್ಮಿತು. ಅವನು ಪಾದ್ರಿಗೆ ಹೇಳಿಕಳುಹಿಸಿದ. ಬಿರುಗಾಳಿಯಲ್ಲಿ ಪಾದ್ರಿ ಓಡುವುದನ್ನು ಕಂಡ ಊರವರು ಕೊಯಿಫಿಯೆ ಸತ್ತನೆಂದೇ ಬಗೆದು ಹಿಂದೆ ಹಿಂದೆ ಓಡಿದರು. ಪಾದ್ರಿಯೂ ಕಿಡಿ ಎಳೆದ, ತೋಳಿಗೆ ಏಟು ತಿಂದ. ಮೂರು ದಿನಗಳ ಅನಂತರ ಪ್ಯಾರಿಸಿನ ಅಕಾಡೆಮಿಯ ಮುಂದೆ ಈ ವರದಿ ಓದಲಾಯಿತು. ಫ್ರಾಂಕ್ಲಿನ್ನನ ಗಾಳಿಪಟದ ಕಥೆ ಲೋಕಪ್ರಸಿದ್ಧ. ಮುಗಿಲಿನಲ್ಲಿರುವುದು ವಿದ್ಯುತ್ತೇ ಎಂಬ ಪ್ರಥಮ ಸಾಕ್ಷ್ಯ ಮಾತ್ರ ಈ ಬಡಗಿಯದು ಮತ್ತು ಪಾದ್ರಿಯದು.

ಇಂಥ ಜ್ಞಾನಕ್ಕೆ ಬೆಲೆ ತೆರಬೇಕಾಗಿ ಬಂದದ್ದು ಮರುವರ್ಷ, ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಅಲ್ಲಿನ ಅಕಾಡೆಮಿಯ ಭೌತಶಾಸ್ತ್ರದ ಪ್ರಾಧ್ಯಾಪಕ ರಿಖ್‌ಮನ್ ತನ್ನ ಮನೆಯ ಮಾಡಿನಿಂದ ಒಳಕ್ಕೆ ಸರಳನ್ನು ಇಳಿಸಿ, ಅದರ ತುದಿಗೆ ಒಂದು ನೂಲನ್ನೂ ಅಳತೆಪಟ್ಟಿಯನ್ನೂ ಜೋಡಿಸಿದ್ದ. ವಿದ್ಯುತ್ತು ಹೆಚ್ಚಿದಷ್ಟೂ ನೂಲು ಸರಳಿನಿಂದ ದೂರ ಸರಿಯುವುದು. ಅದುವರೆಗೆ ಇತರರು ವಿದ್ಯುತ್ತು ಇದೆಯೇ ಇಲ್ಲವೇ ಎಂದಷ್ಟೇ ನೋಡುತ್ತಿದ್ದರು. ಎಷ್ಟಿದೆ ಎಂದು ಕೇಳಿದವರಲ್ಲಿ ಮೊದಲಿಗನು ಈತ. 1753ರ ಆಗಸ್ಟ್ 6ರಂದು, ರಷ್ಯದ ಅಂದಿನ ಪಂಚಾಂಗದಂತೆ ಜುಲೈ 26ರಂದು, ಅಕಾಡೆಮಿಯ ಸಭೆಯಲ್ಲಿ ಕುಳಿತಿದ್ದಾಗ ಗುಡುಗು ಕೇಳಿಸಿತು. ನಡೆಯುವುದನ್ನು ಚಿತ್ರ ಬರೆದಿಡಲೆಂದು ಸೊಕೊಲೋವ್ ಎಂಬ ಕೆತ್ತನೆಗಾರನನ್ನು ಜೊತೆಗೆ ಕರೆದುಕೊಂಡು ಅವನು ಮನೆಗೆ ಧಾವಿಸಿದ. ಸರಳಿನಿಂದ ಸುಮಾರು ಒಂದಡಿ ದೂರದಲ್ಲಿ ನಿಂತು ನೂಲನ್ನು ಗಮನಿಸುತ್ತಿದ್ದಾಗ, ನೀಲಿ ಛಾಯೆಯ ಬೆಂಕಿಯುಂಡೆಯೊಂದು ಸರಳಿನಿಂದ ಅವನ ಹಣೆಗೆ ಹಾರಿತು. ಹಣೆಯ ಮೇಲೆ ಒಂದು ಕೆಂಪು ಮಚ್ಚೆ, ಕಾಲಲ್ಲಿ ಸೀಳಿಹೋದ ಪಾದರಕ್ಷೆ, ಇಷ್ಟೇ ಗುರುತು. ಸೊಕೊಲೋವ್ ನೆಲಕ್ಕೆ ಬಿದ್ದನಾದರೂ ಬದುಕಿದ.

ರಿಖ್‌ಮನ್ನನ ಗೆಳೆಯ ಲೊಮೊನೋಸೊವ್ ಅದೇ ಹೊತ್ತಿನಲ್ಲಿ ತನ್ನ ಮನೆಯಲ್ಲಿ ಅದೇ ಪರೀಕ್ಷೆ ನಡೆಸುತ್ತಿದ್ದ. ಹೆಣ ನೋಡಿ ಬಂದ ದಿನವೇ ಅವನು ಪೋಷಕ ಶುವಾಲೋವ್‌ಗೆ ಬರೆದ ಪತ್ರದಲ್ಲಿ ಎರಡು ಬೇಡಿಕೆಗಳಿದ್ದವು. ಸತ್ತವನ ಹೆಂಡತಿ ಮಕ್ಕಳಿಗೆ ಜೀವನಾಧಾರ ಕಲ್ಪಿಸಬೇಕು. ಈ ಸಾವನ್ನು ವಿಜ್ಞಾನದ ವಿರುದ್ಧ ಆಯುಧವಾಗಿ ಯಾರೂ ಹಿಡಿಯಕೂಡದು. ಅದೇ ನವೆಂಬರಿನಲ್ಲಿ ಅವನು ಅಕಾಡೆಮಿಯ ಮುಂದೆ ನಿಂತು ಮಾಡಿದ ಭಾಷಣದಲ್ಲಿ, ಅದುವರೆಗೆ ಹೆಚ್ಚಿನವರು ಮುಟ್ಟದೆ ಬಿಟ್ಟಿದ್ದ ಪ್ರಶ್ನೆಯನ್ನು ಎತ್ತಿಕೊಂಡ. ಮುಗಿಲಿನಲ್ಲಿ ವಿದ್ಯುತ್ತಿದೆ, ಸರಿ. ಅದನ್ನು ಅಲ್ಲಿ ಹುಟ್ಟಿಸಿದವರು ಯಾರು? ಮೇಲಿನ ತಂಪು ಗಾಳಿ ಕೆಳಗಿಳಿಯುತ್ತದೆ, ನೆಲದ ಬಿಸಿಗಾಳಿ ಮೇಲೇರುತ್ತದೆ, ಎರಡರಲ್ಲಿರುವ ಕಣಗಳು ಒಂದನ್ನೊಂದು ಉಜ್ಜಿ ವಿದ್ಯುತ್ತು ಹುಟ್ಟುತ್ತದೆ ಎಂಬುದು ಅವನ ಉತ್ತರ. ಅಳತೆಯ ಆಧಾರವಿಲ್ಲದ ಊಹೆ ಅದು. ಆದರೂ ಏರುಗಾಳಿ ಮತ್ತು ಕಣಗಳ ತಿಕ್ಕಾಟ, ಈ ಎರಡನ್ನೂ ಅವನು ಸರಿಯಾಗಿಯೇ ಹಿಡಿದಿದ್ದನೆಂಬುದನ್ನು ಮುಂದಿನ ಕಾಲ ತೋರಿಸಿತು.

ಫ್ರಾಂಕ್ಲಿನ್ ತನ್ನ ಮನೆಯ ಸರಳಿಗೆ ಎರಡು ಪುಟ್ಟ ಗಂಟೆಗಳನ್ನು ಕಟ್ಟಿ, ಮುಗಿಲು ಬಂದಾಗ ಅವು ತಾವಾಗಿಯೇ ಮೊಳಗುವಂತೆ ಮಾಡಿಕೊಂಡಿದ್ದ. 1753ರ ಏಪ್ರಿಲಿನಲ್ಲಿ ಅವನು ಮುಗಿಲಿನ ವಿದ್ಯುತ್ತು ಧನವೋ ಋಣವೋ ಎಂದು ಪರೀಕ್ಷಿಸಿ, ಬಹುಪಾಲು ಅದು ಋಣವೆಂದು ಕಂಡುಕೊಂಡ. ಕೆಲವೊಮ್ಮೆ ಮಾತ್ರ ಧನ. ಅವನ ಎಣಿಕೆಯಲ್ಲಿ ಧನವೆಂದರೆ ತುಂಬಿದ್ದು, ಋಣವೆಂದರೆ ಬರಿದಾದದ್ದು. ಆದ್ದರಿಂದ ಹೆಚ್ಚಿನ ಸಿಡಿಲುಗಳಲ್ಲಿ ಮುಗಿಲು ನೆಲಕ್ಕೆ ಹೊಡೆಯುವುದಿಲ್ಲ, ನೆಲವೇ ಮುಗಿಲಿಗೆ ಹೊಡೆಯುತ್ತದೆ ಎಂದು ಅವನು ಬರೆದ. ಓದಿದವರು ಇದನ್ನೊಂದು ಚಮತ್ಕಾರವೆಂದು ಬಗೆದು ಮುಂದೆ ಹೋದರು. ಆಮೇಲಿನ ಒಂದೂವರೆ ಶತಮಾನದಲ್ಲಿ ಸಿಡಿಲು ಕಂಬಿಗಳು ಊರೂರಿಗೆ ಹಬ್ಬಿದವು, ಉಪಕರಣಗಳು ಸೂಕ್ಷ್ಮವಾದವು. ಮುಗಿಲು ತನ್ನ ವಿದ್ಯುತ್ತನ್ನು ಹೇಗೆ ಗಳಿಸುತ್ತದೆಂಬ ಪ್ರಶ್ನೆ ಮಾತ್ರ ಲೊಮೊನೋಸೊವ್ ಬಿಟ್ಟಲ್ಲಿಂದ ಹೆಚ್ಚು ಮುಂದೆ ಸಾಗಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಪ್ರಶ್ನೆಗೆ ಇಬ್ಬರು ವಾರಸುದಾರರು ಹುಟ್ಟಿಕೊಂಡರು. ಒಬ್ಬನು ಸ್ಕಾಟ್ಲೆಂಡಿನ ರೈತನ ಮಗ ಚಾರ್ಲ್ಸ್ ವಿಲ್ಸನ್. 1894ರ ಸೆಪ್ಟೆಂಬರಿನಲ್ಲಿ ಬೆನ್ ನೆವಿಸ್ ಶಿಖರದ ವೀಕ್ಷಣಾಲಯದಲ್ಲಿ ಎರಡು ವಾರ ತಂಗಿದ್ದಾಗ, ಮೋಡದ ಮೇಲೆ ಬಿದ್ದ ನೆರಳಿನ ಸುತ್ತ ಮೂಡಿದ ಬಣ್ಣದ ಬಳೆಗಳಿಗೆ ಅವನು ಮನಸೋತ. ಅವನ್ನು ಪ್ರಯೋಗಶಾಲೆಯಲ್ಲಿ ಕಾಣುವ ಆಸೆಯಿಂದ ಕಟ್ಟಿದ ಮೋಡಕೋಠಿಯೇ ಮುಂದೆ ಪರಮಾಣು ಕಣಗಳ ಹೆಜ್ಜೆಗುರುತು ತೋರಿಸಿ ಅವನಿಗೆ 1927ರ ನೊಬೆಲ್ ಪ್ರಶಸ್ತಿ ತಂದಿತು. 1895ರ ಜೂನಿನಲ್ಲಿ ನೆರೆಯ ಇನ್ನೊಂದು ಶಿಖರದ ಮೇಲಿದ್ದಾಗ ಅವನ ತಲೆಗೂದಲು ಇದ್ದಕ್ಕಿದ್ದಂತೆ ನಿಮಿರಿ ನಿಂತಿತು. ಅವನು ಓಡಿ ಇಳಿದ. ಹಿಂದೆಯೇ ಸಿಡಿಲು ಬಿತ್ತು. ಅಂದಿನಿಂದ ಗುಡುಗು ಮುಗಿಲು ಅವನನ್ನು ಬಿಡಲಿಲ್ಲ.

ಇನ್ನೊಬ್ಬನು ಜಾರ್ಜ್ ಸಿಂಪ್ಸನ್. ಡರ್ಬಿ ಪಟ್ಟಣದಲ್ಲಿ 1878ರಲ್ಲಿ ಹುಟ್ಟಿ, ಲ್ಯಾಪ್‌ಲ್ಯಾಂಡಿನ ಹಿಮದಲ್ಲಿ ಒಂದು ವರ್ಷ ವಾಯುಮಂಡಲದ ವಿದ್ಯುತ್ತನ್ನು ಅಳೆದು ಬಂದವನು, 1906ರಲ್ಲಿ ಭಾರತದ ಹವಾಮಾನ ಇಲಾಖೆಯನ್ನು ಸೇರಿ ಸಿಮ್ಲಾಕ್ಕೆ ಬಂದ. ಬ್ರಿಟಿಷ್ ಆಡಳಿತದ ಬೇಸಿಗೆಯ ರಾಜಧಾನಿಯಾಗಿದ್ದ ಆ ಗಿರಿನಗರದಲ್ಲಿ ಮುಂಗಾರಿನ ಮೋಡಗಳು ಬೀದಿಯಲ್ಲೇ ನಡೆದಾಡುತ್ತವೆ. ಗುಡುಗಿನ ಮಳೆಯನ್ನು ಅಭ್ಯಾಸ ಮಾಡುವವನಿಗೆ ಅದಕ್ಕಿಂತ ಒಳ್ಳೆಯ ಠಾವು ಬೇಕಿರಲಿಲ್ಲ. 1908ರ ಮಳೆಗಾಲವಿಡೀ ಸಿಂಪ್ಸನ್ ಬೀಳುವ ಮಳೆಯನ್ನು ನೆಲಕ್ಕೆ ತಾಗದ ಪಾತ್ರೆಯಲ್ಲಿ ಹಿಡಿದು, ಆ ನೀರು ಹೊತ್ತು ತಂದ ವಿದ್ಯುತ್ತನ್ನು ಸ್ವಯಂಚಾಲಿತ ಉಪಕರಣದಿಂದ ದಾಖಲಿಸಿದ. ಋತು ಮುಗಿದು ಲೆಕ್ಕ ಹಾಕಿದಾಗ, ಮಳೆ ತಂದ ಧನ ವಿದ್ಯುತ್ತು ಋಣ ವಿದ್ಯುತ್ತಿನ ಮೂರು ಪಟ್ಟಿಗೂ ಹೆಚ್ಚಾಗಿತ್ತು.

ಕಾರಣವನ್ನೂ ಅವನು ಸಿಮ್ಲಾದಲ್ಲೇ ಹುಡುಕಿದ. ಜಲಪಾತಗಳ ಬುಡದಲ್ಲಿ ನೀರು ಸಿಡಿದಾಗ ವಿದ್ಯುತ್ತು ಹುಟ್ಟುವುದನ್ನು ಜರ್ಮನಿಯ ಲೆನಾರ್ಡ್ 1892ರಲ್ಲೇ ತೋರಿಸಿದ್ದ. ಸಿಂಪ್ಸನ್ ಕೆಳಗಿನಿಂದ ಮೇಲಕ್ಕೆ ರಭಸವಾಗಿ ಗಾಳಿ ಊದಿ, ಅದರೊಳಕ್ಕೆ ನೀರಿನ ಹನಿ ಬೀಳಿಸಿದ. ದಪ್ಪ ಹನಿ ಗಾಳಿಗೆ ಸಿಕ್ಕಿ ಚೂರುಚೂರಾಯಿತು. ಚೂರುಗಳಲ್ಲಿ ಧನ, ಸುತ್ತಲಿನ ಗಾಳಿಯಲ್ಲಿ ಋಣ. ಇದರಿಂದ ಅವನ ಸಿದ್ಧಾಂತ ಮೈತಳೆಯಿತು. ಗುಡುಗು ಮುಗಿಲಿನ ಏರುಗಾಳಿ ಸೆಕೆಂಡಿಗೆ 8 ಮೀಟರ್ ಮೀರಿದರೆ ಯಾವ ಮಳೆಹನಿಯೂ ಕೆಳಗಿಳಿಯಲಾರದು. ಹನಿಗಳು ತೇಲುತ್ತ, ಕೂಡುತ್ತ, ಹಿಗ್ಗಿ ಒಡೆಯುತ್ತವೆ. ಒಡೆದಾಗಲೆಲ್ಲ ನೀರಿಗೆ ಧನ, ಗಾಳಿಗೆ ಋಣ. ಗಾಳಿ ಋಣವನ್ನು ಮೇಲಕ್ಕೊಯ್ಯುತ್ತದೆ, ನೀರು ಧನದೊಂದಿಗೆ ಕೆಳಗುಳಿಯುತ್ತದೆ. ಆದ್ದರಿಂದ ಮುಗಿಲಿನ ತಳ ಧನ, ನೆತ್ತಿ ಋಣ. 1909ರಲ್ಲಿ ರಾಯಲ್ ಸೊಸೈಟಿ ಇದನ್ನು ಪ್ರಕಟಿಸಿತು. ಮರುವರ್ಷ ಸಿಂಪ್ಸನ್ ಕ್ಯಾಪ್ಟನ್ ಸ್ಕಾಟನ ತಂಡದೊಂದಿಗೆ ದಕ್ಷಿಣ ಧ್ರುವ ಖಂಡಕ್ಕೆ ಹೊರಟ. ಅಲ್ಲಿ ಸಂಗಡಿಗರು ಅವನಿಗೆ ‘ಸನ್ನಿ ಜಿಮ್’ ಎಂದು ಅಡ್ಡಹೆಸರಿಟ್ಟರು. ತಂಡದ ನಾಯಕ ಧ್ರುವದ ಹಾದಿಯಲ್ಲಿ ಮಡಿಯುವ ಹೊತ್ತಿಗೆ ಅವನು ಭಾರತದ ಇಲಾಖೆಯ ಕರ್ತವ್ಯಕ್ಕೆಂದು ಮರಳಿ ಹೊರಟಿದ್ದ.

ಇತ್ತ ಕೇಂಬ್ರಿಜಿನಲ್ಲಿ ವಿಲ್ಸನ್ ಮಳೆಯನ್ನು ಹಿಡಿಯಲಿಲ್ಲ. ಅವನು ಅಳೆದದ್ದು ಪ್ರತಿಯೊಂದು ಮಿಂಚಿಗೆ ನೆಲದ ಮೇಲಿನ ವಿದ್ಯುತ್ ಕ್ಷೇತ್ರ ಎತ್ತ ಜಿಗಿಯುತ್ತದೆ, ಎಷ್ಟು ಜಿಗಿಯುತ್ತದೆ ಎಂಬುದನ್ನು. 1916 ಮತ್ತು 1920ರಲ್ಲಿ ಅವನು ಹೊರತಂದ ಬರಹಗಳ ಪ್ರಕಾರ ಒಂದು ಮಿಂಚಿನಲ್ಲಿ ಹರಿಯುವುದು 20 ಕೂಲಂ ಆಸುಪಾಸಿನ ವಿದ್ಯುತ್ತು. ಮುಗಿಲಿನ ನೆತ್ತಿ ಧನ, ತಳ ಋಣ. ಸಿಂಪ್ಸನ್ ಹೇಳಿದ್ದಕ್ಕೆ ತಲೆಕೆಳಗು.

ಆಗ ಸಿಂಪ್ಸನ್ ಸಾಮಾನ್ಯನಲ್ಲ. 1920ರಿಂದ ಬ್ರಿಟನ್ನಿನ ಹವಾಮಾನ ಕಚೇರಿಯ ನಿರ್ದೇಶಕ. ಮಾತು ಕಡಿಮೆಯಿದ್ದ ವಿಲ್ಸನ್ನನಿಗೆ ಆ ಬಗೆಯ ಅಧಿಕಾರವಿರಲಿಲ್ಲ, ಆದರೆ ಶಿಷ್ಯರಿದ್ದರು. ವಾದ ಇಪ್ಪತ್ತು ವರ್ಷ ನಡೆಯಿತು. 1926ರಲ್ಲಿ ಸಿಂಪ್ಸನ್ ನೂರಾರು ಮಿಂಚಿನ ಛಾಯಾಚಿತ್ರಗಳನ್ನು ಮುಂದಿಟ್ಟ: ಮಿಂಚಿನ ಕವಲುಗಳು ಧನ ತುದಿಯಿಂದ ಮಾತ್ರ ಒಡೆದು ಹರಡುತ್ತವೆ, ಈ ಚಿತ್ರಗಳಲ್ಲಿ ಅವು ಮುಗಿಲಿನಿಂದ ಕೆಳಮುಖವಾಗಿವೆ, ಆದುದರಿಂದ ತಳ ಧನವೇ ಎಂಬುದು ಅವನ ತರ್ಕ. ಸಾಕ್ಷ್ಯ ಕಣ್ಣಿಗೆ ಕಾಣುವಂಥದು. ಅದನ್ನು ಅಲ್ಲಗಳೆಯುವುದು ಸುಲಭವಾಗಿರಲಿಲ್ಲ.

ಆ ಕೆಲಸ ದಕ್ಷಿಣ ಆಫ್ರಿಕದ ಬೇಸಿಲ್ ಶೋನ್‌ಲ್ಯಾಂಡನ ಪಾಲಿಗೆ ಬಂತು. ಕೇಂಬ್ರಿಜಿನಲ್ಲಿ ಓದಿ ತಾಯ್ನಾಡಿಗೆ ಮರಳಿದ ಅವನು ಅಲ್ಲಿಯ ಬಯಲುಸೀಮೆಯ ಗುಡುಗುಗಳನ್ನು ವಿಲ್ಸನ್ನನ ವಿಧಾನದಿಂದಲೇ ಅಳೆದ. ಬಿರುಮಳೆ ದೂರದಲ್ಲಿದ್ದಾಗ ಕ್ಷೇತ್ರ ಒಂದು ದಿಕ್ಕಿಗೆ, ನೆತ್ತಿಯ ಮೇಲೆ ಬಂದಾಗ ವಿರುದ್ಧ ದಿಕ್ಕಿಗೆ. ದೂರದಿಂದ ನೋಡುವವನಿಗೆ ಎತ್ತರದ ವಿದ್ಯುತ್ತಿನದೇ ಪ್ರಾಬಲ್ಯ, ಅಡಿಯಲ್ಲಿ ನಿಂತವನಿಗೆ ತಳದ್ದು. ಲೆಕ್ಕ ವಿಲ್ಸನ್ನನ ಕಡೆಗೇ ವಾಲಿತು. ಇಂಗ್ಲೆಂಡಿನ ಚಾರ್ಲ್ಸ್ ಬಾಯ್ಸ್ ಎಂಬ ಹಿರಿಯ 1900ರಲ್ಲಿ ಮಸೂರಗಳು ಗಿರಗಿರನೆ ತಿರುಗುವ ಕ್ಯಾಮೆರಾವೊಂದನ್ನು ಕಟ್ಟಿ, ವರ್ಷಗಟ್ಟಲೆ ಹೊತ್ತು ತಿರುಗಿಯೂ ಒಳ್ಳೆಯ ಚಿತ್ರ ಕಾಣದೆ ಹೋಗಿದ್ದ. ಅದೇ ಬಗೆಯ ಕ್ಯಾಮೆರಾದಿಂದ ಶೋನ್‌ಲ್ಯಾಂಡ್ ಮತ್ತು ಕಾಲೆನ್ಸ್ 1930ರ ದಶಕದಲ್ಲಿ ಮಿಂಚಿನ ನಡಿಗೆಯನ್ನು ಹಿಡಿದರು. ಮಿಂಚು ಒಂದೇ ಜಿಗಿತಕ್ಕೆ ಬೀಳುವುದಿಲ್ಲ. ಮೊದಲು ಮಂಕಾದ ಒಂದು ಎಳೆ ಮುಗಿಲಿನಿಂದ ಹೊರಟು ಸುಮಾರು 50 ಮೀಟರ್ ಇಳಿಯುತ್ತದೆ, ಸೆಕೆಂಡಿನ ಹತ್ತು ಲಕ್ಷ ಪಾಲುಗಳಲ್ಲಿ ಐವತ್ತರಷ್ಟು ಹೊತ್ತು ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ, ಕವಲೊಡೆಯುತ್ತದೆ. ಅದು ನೆಲ ಮುಟ್ಟಲಿರುವಾಗ ನೆಲದಿಂದಲೇ ಕಣ್ಣು ಕೋರೈಸುವ ಹೊಡೆತ ಅದೇ ಹಾದಿಯಲ್ಲಿ ಮೇಲಕ್ಕೆ ಓಡುತ್ತದೆ. ನಾವು ಮಿಂಚೆಂದು ಕಾಣುವುದು ಈ ಮೇಲ್ಮುಖದ ಬೆಳಕನ್ನು. ಅದರ ಕಾವಿಗೆ ಹಿಗ್ಗಿ ಸಿಡಿದ ಗಾಳಿಯ ಸದ್ದೇ ಗುಡುಗು. ಕೆಳಮುಖವಾಗಿ ಕವಲೊಡೆಯುವ ಆ ಎಳೆ ಋಣ ವಿದ್ಯುತ್ತನ್ನು ಹೊತ್ತಿತ್ತು. ಸಿಂಪ್ಸನ್ನನ ಛಾಯಾಚಿತ್ರಗಳ ತರ್ಕ ಅಲ್ಲಿಗೆ ಬಿದ್ದುಹೋಯಿತು. ನೆಲವೇ ಹೊಡೆಯುತ್ತದೆಂದ ಫ್ರಾಂಕ್ಲಿನ್ನನ ಹಳೆಯ ಮಾತಿಗೆ 180 ವರ್ಷಗಳ ಅನಂತರ ಅರ್ಧ ಬೆಲೆಯಾದರೂ ಬಂತು.

ಇಷ್ಟಾದರೂ ಸಿಮ್ಲಾದ ಮಳೆ ಸುಳ್ಳು ಹೇಳಿರಲಿಲ್ಲ. ಅದು ತಂದದ್ದು ಧನವೇ. ಎಲ್ಲರೂ ನೆಲದ ಮೇಲೆ ನಿಂತು ಮುಗಿಲಿನ ಪಾದವನ್ನಷ್ಟೇ ಅಳೆಯುತ್ತಿದ್ದರು, ಒಳಹೊಕ್ಕು ನೋಡಿದವರು ಇರಲಿಲ್ಲ. ಒಳಕ್ಕೆ ಉಪಕರಣ ಕಳುಹಿಸುವ ಉಪಾಯವನ್ನು ಕೊನೆಗೆ ಮಾಡಿದವನು ಸಿಂಪ್ಸನ್ನೇ. ಲಂಡನ್ ಹೊರವಲಯದ ಕ್ಯೂ ವೀಕ್ಷಣಾಲಯದಲ್ಲಿ ಸ್ಕ್ರೇಸ್ ಎಂಬ ಸಹಾಯಕನೊಂದಿಗೆ ಅವನು ಬಲೂನಿಗೆ ಕಟ್ಟುವ ಹಗುರವಾದ ಪೆಟ್ಟಿಗೆಯೊಂದನ್ನು ರೂಪಿಸಿದ. ಗಡಿಯಾರದ ಯಂತ್ರದಿಂದ ತಿರುಗುವ ಒಂದು ಕಾಗದದ ಬಿಲ್ಲೆ, ಅದರ ಮೇಲೆ ರಾಸಾಯನಿಕದ ಲೇಪ, ಅದಕ್ಕೆ ತಾಗುವ ಎರಡು ಕಬ್ಬಿಣದ ಮುಳ್ಳುಗಳು. ವಿದ್ಯುತ್ತು ಯಾವ ಮುಳ್ಳಿನಿಂದ ಕಾಗದಕ್ಕೆ ಹರಿಯಿತೋ ಆ ಮುಳ್ಳಿನ ಕೆಳಗೆ ನೀಲಿ ಗೆರೆ ಮೂಡುತ್ತದೆ. ಗಾಳಿಯ ಒತ್ತಡದ ದಾಖಲೆ ಪಕ್ಕದಲ್ಲಿರುವುದರಿಂದ ಯಾವ ಎತ್ತರದಲ್ಲಿ ಗೆರೆ ಬದಲಾಯಿತೆಂದು ತಿಳಿಯುತ್ತದೆ. ರೇಡಿಯೋ ಇರಲಿಲ್ಲ, ಬಲೂನು ಒಡೆದು ಪೆಟ್ಟಿಗೆ ಎಲ್ಲೋ ಹೊಲದಲ್ಲಿ ಬಿದ್ದು, ಸಿಕ್ಕವರು ಮರಳಿಸಿದರೆ ಮಾತ್ರ ಮುಗಿಲಿನ ಮಾತು ಕೈಸೇರುವುದು.

1937ರಲ್ಲಿ ಸಿಂಪ್ಸನ್ ಮತ್ತು ಸ್ಕ್ರೇಸ್ ಫಲಿತಾಂಶ ಪ್ರಕಟಿಸಿದರು. ಮುಗಿಲಿನ ನೆತ್ತಿ ಧನ. ಅದರ ಕೆಳಗೆ ವಿಶಾಲವಾದ ಋಣದ ಪದರ. ವಿಲ್ಸನ್ ಹೇಳಿದ್ದು ನಿಜ. ಆದರೆ ಹಲವು ಮುಗಿಲುಗಳ ತೀರ ತಳದಲ್ಲಿ, ಮಳೆ ಜೋರಾಗಿ ಬೀಳುವಲ್ಲಿ, ಧನದ ಒಂದು ಸಣ್ಣ ಗಂಟಿತ್ತು. ಸಿಮ್ಲಾದ ಪಾತ್ರೆಯಲ್ಲಿ ಬಿದ್ದ ಮಳೆ ಆ ಗಂಟಿನಿಂದ ಬಂದದ್ದೆಂದು ಈಗ ಓದಬಹುದಾಯಿತು. ಇನ್ನೂ ದೊಡ್ಡ ಸಂಗತಿಯೊಂದಿತ್ತು: ಮೇಲಿನ ಎರಡು ಪದರಗಳೂ ನೀರು ಹೆಪ್ಪುಗಟ್ಟುವ ಎತ್ತರವನ್ನು ದಾಟಿದ್ದವು. ಅಲ್ಲಿ ಒಡೆಯಲು ನೀರಹನಿಗಳೇ ವಿರಳ. ಇದ್ದದ್ದು ಮಂಜಿನ ಕಣಗಳ ರಾಜ್ಯ. ಮುಖ್ಯ ವಿದ್ಯುತ್ತಿಗೆ ಹನಿ ಒಡೆಯುವಿಕೆ ಕಾರಣವಲ್ಲ, ಮಂಜೇ ಕಾರಣವಿರಬೇಕೆಂದು ಸಿಂಪ್ಸನ್ ತನ್ನ ಕೈಯಾರೆ ಬರೆದ. ನಿವೃತ್ತನಾದ ಮೇಲೂ, ಎರಡನೆಯ ಮಹಾಯುದ್ಧದ ನಡುವೆ ಕ್ಯೂಗೆ ಮರಳಿ, ರಾಬಿನ್ಸನ್ ಎಂಬಾತನೊಂದಿಗೆ ಮತ್ತಷ್ಟು ಬಲೂನು ಹಾರಿಸಿ ಅದನ್ನೇ ಖಚಿತಪಡಿಸಿದ. ಮೂವತ್ತು ವರ್ಷ ಕಾಯ್ದುಕೊಂಡು ಬಂದ ತನ್ನ ಸಿದ್ಧಾಂತವನ್ನು ಕೆಡವಬಲ್ಲ ಉಪಕರಣವನ್ನು ತಾನೇ ಕಟ್ಟಿ, ಅದು ಕೆಡವಿದ್ದನ್ನು ತಾನೇ ಅಚ್ಚು ಹಾಕಿಸಿದವರು ವಿಜ್ಞಾನದ ಚರಿತ್ರೆಯಲ್ಲಿ ಬಹಳ ಮಂದಿಯಿಲ್ಲ. ಗೆದ್ದ ವಿಲ್ಸನ್ನನಿಗಿಂತ ಸೋತ ಸಿಂಪ್ಸನ್ ನನಗೆ ದೊಡ್ಡವನಾಗಿ ಕಾಣುವುದು ಇದೇ ಕಾರಣಕ್ಕೆ.

ಮಂಜು ಹೇಗೆ ವಿದ್ಯುತ್ತು ಹುಟ್ಟಿಸುತ್ತದೆಂಬುದು ಮುಂದಿನ ತಲೆಮಾರಿನ ಕೆಲಸವಾಯಿತು. ಏರುಗಾಳಿಯಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗೂ ಹೆಪ್ಪುಗಟ್ಟದೆ ನೀರಾಗಿಯೇ ಉಳಿದ ಸೂಕ್ಷ್ಮ ಹನಿಗಳಿರುತ್ತವೆ. ಅವು ಒಂದು ಮಂಜಿನ ಹರಳಿಗೆ ತಗುಲಿದೊಡನೆ ಅಂಟಿಕೊಂಡು ಹೆಪ್ಪುಗಟ್ಟಿ, ನೆನೆದ ಸಬ್ಬಕ್ಕಿಯಂಥ ಮೆದು ಆಲಿಕಲ್ಲಾಗುತ್ತವೆ. ಭಾರವಾದ ಈ ಕಾಳು ಇಳಿಯತೊಡಗಿದಾಗ, ಮೇಲೇರುತ್ತಿರುವ ಹಗುರ ಹರಳುಗಳು ಅದಕ್ಕೆ ಬಡಿದು ಜಿಗಿದುಹೋಗುತ್ತವೆ. ಆ ಕ್ಷಣದ ತಾಗುವಿಕೆಯಲ್ಲೇ ಕಾಳಿಗೆ ಋಣ, ಹರಳಿಗೆ ಧನ. ಹರಳುಗಳು ಧನವನ್ನು ನೆತ್ತಿಗೆ ಒಯ್ಯುತ್ತವೆ. ಕಾಳುಗಳು ನಡುವೆ, ಹೆಚ್ಚಾಗಿ ಸೊನ್ನೆಗಿಂತ 10ರಿಂದ 20 ಡಿಗ್ರಿ ಕೆಳಗಿರುವ ಪದರದಲ್ಲಿ, ಋಣವನ್ನು ಕೂಡಿಹಾಕುತ್ತವೆ. 1957ರಲ್ಲಿ ಅಮೆರಿಕದ ರೆನಾಲ್ಡ್ಸ್ ಮತ್ತು ಸಂಗಡಿಗರು ಪ್ರಯೋಗಶಾಲೆಯಲ್ಲಿ ಇದನ್ನು ತೋರಿಸಿದರು. 1978ರಲ್ಲಿ ಜಪಾನಿನ ತಕಹಾಶಿ ಇನ್ನೊಂದು ಗುಟ್ಟು ಬಿಚ್ಚಿದ: ಉಷ್ಣತೆ ಸೊನ್ನೆಗಿಂತ ಸುಮಾರು 10 ಡಿಗ್ರಿಯಷ್ಟು ಕೆಳಗಿಳಿಯದಿದ್ದರೆ ವ್ಯವಹಾರ ತಿರುವುಮುರುವಾಗಿ ಕಾಳಿಗೇ ಧನ ಬರುತ್ತದೆ. ತಳದ ಧನದ ಗಂಟಿನ ಮೇಲೆ ಸಿಂಪ್ಸನ್ನನ ಒಡೆಯುವ ಹನಿಗಳಿಗೆ ಉಳಿದಿದ್ದ ಹಕ್ಕಿನಲ್ಲೂ ಹೀಗೆ ಮಂಜು ಪಾಲು ಕೇಳಿತು.

ಇದರ ಗುರುತು ನಮ್ಮ ಮಳೆಗಾಲದಲ್ಲೂ ಇದೆ. ಭರಣಿ, ಕೃತ್ತಿಕೆಗಳ ಅಡ್ಡಮಳೆಯ ಮೋಡಗಳು ಬಿಸಿಲ ಝಳಕ್ಕೆ ಹತ್ತು–ಹದಿನೈದು ಕಿಲೋಮೀಟರ್ ಏರಿ ಮಂಜಿನ ಸೀಮೆಯೊಳಗೆ ಬಹು ದೂರ ಹೊಕ್ಕು, ಗುಡುಗಿ, ಸಿಡಿಲು ಉಗುಳಿ, ಆಲಿಕಲ್ಲು ಸುರಿಸುತ್ತವೆ. ಪುನರ್ವಸು, ಪುಷ್ಯಗಳಲ್ಲಿ ಆಗುಂಬೆಯ ಮೇಲೆ ದಿನಗಟ್ಟಲೆ ಹೊಯ್ಯುವ ಮೋಡಗಳು ಅದಕ್ಕಿಂತ ಬಹಳ ಗಿಡ್ಡ. ಮಳೆ ಹತ್ತು ಪಟ್ಟಾದರೂ ಗುಡುಗು ಅಪರೂಪ.

ಮುಗಿಲಿನೊಳಗೆ ಮೊದಲ ಕಿಡಿ ಹೊತ್ತಿಕೊಳ್ಳುವುದು ಹೇಗೆಂಬ ವಾದ ಮಾತ್ರ ಇಂದಿಗೂ ಮುಗಿದಿಲ್ಲ. ನೆಲಮಟ್ಟದ ಒಣ ಗಾಳಿ ಸೀಳಿ ಕಿಡಿ ಹಾರಲು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಬೇಕು. ಮುಗಿಲಿನೊಳಗೆ ಅಳೆದಾಗ ಸಿಗುವುದು ಸಾಮಾನ್ಯವಾಗಿ ಕೆಲವು ಲಕ್ಷ ಮಾತ್ರ. ಅಂಥ ಕ್ಷೇತ್ರದಲ್ಲಿ ಎಲೆಕ್ಟ್ರಾನುಗಳು ಕಡಿವಾಣವಿಲ್ಲದೆ ಓಡಬಹುದೆಂದು ವಿಲ್ಸನ್ 1920ರ ದಶಕದಲ್ಲೇ ಸೂಚಿಸಿದ್ದ. ಇಂದಿನ ವಾದಗಳಲ್ಲಿ ಬಲವಾದದ್ದೊಂದು ಅಲ್ಲಿಂದಲೇ ಹೊರಟಿದೆ. ಗುಡುಗು ಮುಗಿಲಿನಲ್ಲಿ 100 ಕೋಟಿ ವೋಲ್ಟ್ ಕೂಡಬಹುದೆಂದು 1929ರಲ್ಲಿ ಅವನು ಹೇಳಿದಾಗ ಅದನ್ನು ಅಳೆಯುವ ದಾರಿ ಯಾರ ಕೈಯಲ್ಲೂ ಇರಲಿಲ್ಲ. 1956ರಲ್ಲಿ, 87ನೆಯ ವಯಸ್ಸಿನಲ್ಲಿ, ಅವನು ಬರೆದ ಕೊನೆಯ ಪ್ರಬಂಧವೂ ಗುಡುಗು ಮುಗಿಲನ್ನೇ ಕುರಿತದ್ದು. ಮೂರು ವರ್ಷದ ಮೇಲೆ ವಿಲ್ಸನ್ ತೀರಿಕೊಂಡ, ಸಿಂಪ್ಸನ್ 1965ರಲ್ಲಿ. 2014ರ ಡಿಸೆಂಬರ್ 1ರಂದು ನೀಲಗಿರಿಯ ಊಟಿಯಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗ್ರೇಪ್ಸ್–3 ಪ್ರಯೋಗಾಲಯದ ಮೇಲೆ ಒಂದು ಗುಡುಗು ಮುಗಿಲು ಹಾದುಹೋಯಿತು. ಆಕಾಶದಿಂದ ಇಳಿಯುವ ಮ್ಯೂಆನ್ ಕಣಗಳ ಸಂಖ್ಯೆಯಲ್ಲಿ ಆದ ಏರುಪೇರಿನಿಂದ ವಿಜ್ಞಾನಿಗಳು ಅದರ ವೋಲ್ಟೇಜನ್ನು ಲೆಕ್ಕ ಹಾಕಿ 2019ರಲ್ಲಿ ಪ್ರಕಟಿಸಿದರು: 130 ಕೋಟಿ ವೋಲ್ಟ್.